ಹೊಸ ಗೂಡಿಗೆ ಬಂದ ಕೋಳಿಮರಿಗಳ ಮೊದಲ ವಾರ

ನನ್ನ ತಮ್ಮನ ಮಗಳು ಚಿತ್ರದುರ್ಗದ ಹೊರಗೆ ಮನೆ ಕಟ್ಟಿಸಿಕೊಂಡಿದ್ದಾಳೆ. ಹಿತ್ತಲಿನ ಬೇವಿನ ಮರದ ಕೆಳಗೆ ಗೂಡು ಮಾಡಿಸಿ, ಅದರ ಮುಂದೆ ಜಾಲರಿ ಹೊಡೆಸಿದ ಅಂಗಳವನ್ನೂ ಮಾಡಿಸಿ, ಎರಡು ತಿಂಗಳ ಎಂಟು ಗಿರಿರಾಜ ತಳಿಯ ಮರಿಗಳನ್ನು ತಂದ ರಾತ್ರಿ ನನಗೆ ಫೋನ್ ಮಾಡಿದಳು. "ಅತ್ತೆ, ಪಾಪ, ಮೂಲೆಯಲ್ಲಿ ಮುದುಡಿ ಕೂತಿವೆ. ಬೆಳಿಗ್ಗೆ ಹಿತ್ತಲಿಗೆ ಬಿಟ್ಟುಬಿಡಲೇ?" ಎಂದು ಕೇಳಿದಳು. "ಬೇಡಮ್ಮ, ವಾರ ಕಳೆಯಲಿ" ಎಂದೆ. ಅಂದು ಅವಳಿಗೆ ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮದುವೆಯಾಗಿ ಚಳ್ಳಕೆರೆ ಸೀಮೆಗೆ ಬಂದ ಹೊಸತರಲ್ಲಿ ನಾನು ಅದೇ ತಪ್ಪು ಮಾಡಿದ್ದೆ. ತವರಿನಿಂದ ತಂದ ಆರು ಯಾಟೆಗಳನ್ನು, ಅಂದರೆ ಇನ್ನೂ ಮೊಟ್ಟೆಗೆ ಬಾರದ ಹೆಣ್ಣು ಕೋಳಿಗಳನ್ನು, ಮರುದಿನವೇ ಬಿಟ್ಟೆ. ಹಗಲೆಲ್ಲ ಚೆನ್ನಾಗಿ ಮೇಯ್ದವು. ಹೊತ್ತು ಮುಳುಗುವಾಗ ಒಂದೂ ಗೂಡಿನ ಕಡೆ ಬರಲಿಲ್ಲ. ಎರಡು ಹುಣಸೆ ಮರ ಹತ್ತಿದವು, ಉಳಿದವು ಬಣವೆಯ ಕೆಳಗೆ ಸೇರಿಕೊಂಡವು. ಬೆಳಗಾಗುವಷ್ಟರಲ್ಲಿ ಬಣವೆಯ ಬುಡದಲ್ಲಿ ಪುಕ್ಕ ಬಿದ್ದಿತ್ತು, ಮೂರು ಯಾಟೆ ಇರಲಿಲ್ಲ. ಆ ನೋವು ನನಗೆ ಇಂದಿಗೂ ಇದೆ. ಕೋಳಿ ಹಗಲು ಎಲ್ಲಿ ಮೇಯುತ್ತದೆ ಎಂಬುದರಿಂದ ಅದರ ಮನೆ ತೀರ್ಮಾನವಾಗುವುದಿಲ್ಲ. ಕತ್ತಲಾದಾಗ ಎಲ್ಲಿ ಕೂತು ಅಭ್ಯಾಸವಾಗಿದೆಯೋ ಅದೇ ಅದರ ಮನೆ. ಮಬ್ಬು ಕವಿದ ಮೇಲೆ ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಗೊತ್ತಿರುವ ಜಾಗಕ್ಕೇ ಓಡುತ್ತದೆ. ಆ ಗೊತ್ತು ಹುಟ್ಟಲು ಐದಾರು ರಾತ್ರಿಗಳಾದರೂ ಬೇಕು.

ಮರಿಗಳನ್ನು ತರುವುದಾದರೆ ಇಳಿಹೊತ್ತಿನಲ್ಲಿ ತನ್ನಿ. ಮಬ್ಬಿನಲ್ಲಿ ಒಂದೊಂದನ್ನೇ ಎರಡೂ ಕೈಯಲ್ಲಿ ಹಿಡಿದು, ರೆಕ್ಕೆ ಬಡಿಯದಂತೆ ಮೈಗೊತ್ತಿಕೊಂಡು, ಗೂಡಿನೊಳಗಿನ ಅಡ್ಡಗೋಲಿನ ಮೇಲೆ ಕೂರಿಸಿ. ಕಾಲು ಕಟ್ಟಿ ತಲೆಕೆಳಗಾಗಿ ತೂಗಾಡಿಸಿಕೊಂಡು ಬರುವ ರೂಢಿ ನನಗೆ ಎಂದೂ ಸರಿಬಂದಿಲ್ಲ. ಬೆದರಿದ ಮರಿ ಎರಡು ದಿನ ಕಾಳು ಮುಟ್ಟುವುದಿಲ್ಲ. ಮೊದಲ ಎರಡು ಮೂರು ದಿನ ಗೂಡಿನೊಳಗೇ ನೀರು, ಮೇವು ಎರಡೂ ಇರಲಿ. ಆಮೇಲೆ ಜಾಲರಿ ಅಂಗಳದ ಬಾಗಿಲು ತೆಗೆಯಿರಿ. ಮರಿಗಳನ್ನು ಅಟ್ಟಬೇಡಿ, ತಾವಾಗಿ ಇಳಿಯಲಿ. ಒಂದು ಇಳಿದರೆ ಉಳಿದವು ಹಿಂದೆ ಬರುತ್ತವೆ.

ವಾರ ಕಳೆದ ಮೇಲೆ ಬಯಲಿಗೆ ಬಿಡುವಾಗಲೂ ಬೆಳಿಗ್ಗೆ ಬಿಡಬೇಡಿ. ಮಧ್ಯಾಹ್ನದ ಮೇವು ತುಸು ಕಡಿಮೆ ಮಾಡಿ, ಕತ್ತಲಾಗಲು ಒಂದು ಗಂಟೆ ಇರುವಾಗ ಬಿಡಿ. ಹಸಿದ ಹೊಟ್ಟೆ, ಇಳಿಯುವ ಬೆಳಕು ಎರಡೂ ಸೇರಿ ಅವನ್ನು ಗೂಡಿಗೆ ತಿರುಗಿಸುತ್ತವೆ. ಅದೇ ಹೊತ್ತಿಗೆ ಗೂಡಿನ ಬಾಯಲ್ಲಿ ನಿಂತು, ಒಂದೇ ಡಬ್ಬಿಯಲ್ಲಿ ಕಾಳು ಅಲ್ಲಾಡಿಸುತ್ತಾ, ಒಂದೇ ದನಿಯಲ್ಲಿ ಕರೆಯಿರಿ. ನಾನು "ಬಾ ಬಾ ಬಾ" ಎನ್ನುತ್ತೇನೆ. ಮನೆಯವರೆಲ್ಲ ಅದೇ ಕರೆ ಕರೆಯಬೇಕು.

ಗೂಡಿನ ವಿಷಯದಲ್ಲಿ ನಮ್ಮ ಕಡೆಯ ಗಾಳಿ, ಬಿಸಿಲು, ನೆಲ ಮೂರನ್ನೂ ನೋಡಿಕೊಳ್ಳಬೇಕು. ಆಷಾಢದಲ್ಲಿ ಪಡುವಣ ಗಾಳಿ ಎಷ್ಟು ಬಿರುಸೆಂಬುದನ್ನು ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳೇ ಹೇಳುತ್ತವೆ. ಆದ್ದರಿಂದ ಗೂಡಿನ ಬಾಗಿಲು ಮೂಡಣಕ್ಕಿರಲಿ, ಪಡುವಣಕ್ಕೆ ಗೋಡೆ ಇರಲಿ. ಆದರೆ ಸುತ್ತ ಮುಚ್ಚಿಬಿಡಬೇಡಿ, ಸೂರಿನ ಕೆಳಗೆ ಗಾಳಿ ಆಡಲು ಜಾಲರಿ ಬೇಕೇ ಬೇಕು. ಕಲ್ನಾರು ಶೀಟಾಗಲಿ ತಗಡಾಗಲಿ, ಮೇಲೆ ತೆಂಗಿನ ಗರಿ ಹೊದಿಸಿ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತೇರಿನ ಹೊತ್ತಿಗೆ ಬಿಸಿಲು ಏರತೊಡಗುತ್ತದೆ. ಕೋಳಿಗೆ ಬೆವರುವುದು ಗೊತ್ತಿಲ್ಲ, ಬಾಯಿ ತೆರೆದು ತೇಕುತ್ತದೆ. ಆಗ ಮಣ್ಣಿನ ಅಗಲ ಬಾಯಿಯ ಪಾತ್ರೆಯಲ್ಲಿ ನೆರಳಿನಲ್ಲಿ ನೀರಿಟ್ಟು, ದಿನಕ್ಕೆ ಎರಡು ಮೂರು ಸಲ ಬದಲಿಸಿ. ಮರಿ ಮುಳುಗದಂತೆ ಪಾತ್ರೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ.

ಮುಂಗುಸಿಗೆ ಹೆದರಬೇಕು. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಅಗಲ ಕಣ್ಣಿನ ತೆಳು ತಂತಿ ಕೋಳಿ ಹೊರಹೋಗದಂತೆ ತಡೆಯುತ್ತದೆ, ಮುಂಗುಸಿ ಒಳಬರುವುದನ್ನು ತಡೆಯುವುದಿಲ್ಲ. ಕೆಳಗಿನ ಎರಡು ಅಡಿಗಾದರೂ ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಹಾಕಿಸಿ. ಅದನ್ನು ಒಂದು ಅಡಿ ನೆಲದೊಳಗೆ ಹೂಳಬೇಕು ಎನ್ನುತ್ತಾರೆ. ದುರ್ಗದ ನೆಲದಲ್ಲಿ ಅರ್ಧ ಅಡಿ ಅಗೆದರೆ ಹಾರೆಗೆ ಬಂಡೆ ಸಿಗುತ್ತದೆ. ಅಲ್ಲಿ ಜಾಲರಿಯನ್ನು ಹೊರಗಡೆಗೆ ಒಂದೂವರೆ ಅಡಿ ಮಡಿಸಿ ನೆಲಕ್ಕೆ ಹಾಸಿ, ಮೇಲೆ ಚಪ್ಪಡಿ ಕಲ್ಲು ಹೇರಿಬಿಡಿ. ತೋಡುವ ಪ್ರಾಣಿ ಬೇಲಿಯ ಬುಡದಲ್ಲೇ ತೋಡಲು ಶುರುಮಾಡುತ್ತದೆ, ಕಾಲಿಗೆ ಜಾಲರಿ ತಗುಲಿದರೆ ಬಿಟ್ಟು ಹೋಗುತ್ತದೆ. ಮೇಲೆ ಹದ್ದಿಗಾಗಿ ಹಳೆಯ ಸೀರೆ ಕಟ್ಟಿದರೆ ನೆರಳೂ ಆಯಿತು.

ಅಡ್ಡಗೋಲು ಎರಡು ಇಂಚು ದಪ್ಪ, ಮೂಲೆ ಮೊನಚಿಲ್ಲದ್ದು, ನೆಲದಿಂದ ಎರಡಡಿಗಿಂತ ಹೆಚ್ಚು ಎತ್ತರ ಬೇಡ. ಮೊಟ್ಟೆ ಇಡುವ ಪೆಟ್ಟಿಗೆಯನ್ನು ಈಗಲೇ ತೆರೆದಿಡಬೇಡಿ, ಮರಿಗಳು ಅದರಲ್ಲೇ ಮಲಗಿ ಹೊಲಸು ಮಾಡುವುದನ್ನು ಕಲಿಯುತ್ತವೆ.

ನೆಲಕ್ಕೆ ಹಾಸಲು ದಾವಣಗೆರೆ, ಹರಿಹರದ ಅಕ್ಕಿ ಗಿರಣಿಗಳ ಭತ್ತದ ಹೊಟ್ಟು ಒಳ್ಳೆಯದು. ಚಳ್ಳಕೆರೆ ಕಡೆ ಶೇಂಗಾ ಹೊಟ್ಟು ಬೇಕಾದಷ್ಟು ಸಿಗುತ್ತದೆ, ನಾನೂ ಹಾಸಿದ್ದೇನೆ. ಆದರೆ ಒಮ್ಮೆ ನೆನೆದು ಬೂಷ್ಟು ಹಿಡಿದದ್ದನ್ನು ಒಣಗಿಸಿ ಹಾಸಬಾರದು, ಆ ಬೂಷ್ಟು ಮರಿಯ ಶ್ವಾಸಕ್ಕೆ ಇಳಿಯುತ್ತದೆ. ಮೆಕ್ಕೆಜೋಳಕ್ಕೂ ಇದೇ ಮಾತು. ಕಪ್ಪು ಹಿಡಿದ ಕಾಳನ್ನು "ಕೋಳಿಗೆ ತಾನೇ" ಎಂದು ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೂಷ್ಟಿನ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ.

ಮಾರಿದವರು ಯಾವ ಮೇವು ಹಾಕುತ್ತಿದ್ದರೋ ಕೇಳಿ, ಅದನ್ನೇ ಒಂದೆರಡು ಕಿಲೋ ತನ್ನಿ. ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ನಿಮ್ಮದಕ್ಕೆ ಬದಲಿಸಿ. ಬರೀ ನುಚ್ಚು, ಸಜ್ಜೆ ಹಾಕಿದರೆ ಬೆಳವಣಿಗೆ ಸಾಲದು, ಬೆಳೆಯುವ ಮರಿಯ ಮೇವು ಬೇರೆಯೇ ಸಿಗುತ್ತದೆ. ಮೊಟ್ಟೆ ಕೋಳಿಯ ಮೇವನ್ನು ಮಾತ್ರ ಈಗ ಹಾಕಬೇಡಿ. ಅದರಲ್ಲಿನ ಹೆಚ್ಚಿನ ಸುಣ್ಣದಂಶ ಎಳೆಯ ಮರಿಯ ಮೂತ್ರಪಿಂಡಕ್ಕೆ ಕೇಡು. ಒಂದು ಮೂಲೆಯಲ್ಲಿ ಒಲೆಯ ಬೂದಿ, ಒಣ ಮಣ್ಣು ಬೆರೆಸಿಡಿ, ಹೊರಳಾಡಿ ಹೇನು ಉದುರಿಸಿಕೊಳ್ಳಲಿ.

ಕೊಕ್ಕರೆ ರೋಗದ (ರಾಣಿಖೇತ್ ರೋಗ) ಲಸಿಕೆ ಯಾವಾಗ ಆಗಿದೆ ಎಂದು ಮಾರಿದವರಿಂದ ತಿಳಿದುಕೊಳ್ಳಿ. ಮೊದಲ ವಾರದಲ್ಲಿ ಲಸಿಕೆಯ ಹನಿ ಹಾಕಿದ್ದರೂ ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು ಬೇಕು. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೆಯಲ್ಲಿ ಮೊದಲೇ ಕೋಳಿಗಳಿದ್ದರೆ ಹೊಸ ಮರಿಗಳನ್ನು ಮೂರು ವಾರ ದೂರವೇ ಇಡಿ. ಆಮೇಲೆ ಒಂದು ವಾರ ನಡುವೆ ಜಾಲರಿ ಇಟ್ಟು ಮುಖ ನೋಡಿಕೊಳ್ಳಲು ಬಿಡಿ. ಸೇರಿಸಿದ ದಿನ ಮೇವಿನ ತಟ್ಟೆ ಎರಡು ಕಡೆ ಇರಲಿ. ಕುಕ್ಕಾಟ ಸ್ವಲ್ಪ ಇದ್ದೇ ಇರುತ್ತದೆ, ರಕ್ತ ಕಂಡರೆ ಮಾತ್ರ ಆ ಮರಿಯನ್ನು ತಕ್ಷಣ ಬೇರೆ ಮಾಡಿ.

ಎಂಟನೇ ದಿನ ಅವಳು ಮತ್ತೆ ಫೋನ್ ಮಾಡಿದಳು. ಏಳು ಮರಿಗಳು ತಾವೇ ಒಳಗೆ ಹೋಗಿವೆ, ಒಂದು ಮಾತ್ರ ಗೂಡಿನ ಸೂರಿನ ಮೇಲೆ ಕೂತಿದೆ ಎಂದಳು. ಕೋಲು ಹಿಡಿದು ಅಟ್ಟಬೇಡ, ಪೂರ್ತಿ ಕತ್ತಲಾಗಲಿ, ಆಮೇಲೆ ಎತ್ತಿ ಉಳಿದವುಗಳ ಪಕ್ಕಕ್ಕೆ ಕೂರಿಸು, ನಾಳೆಯೂ ನಾಡಿದ್ದೂ ಹಾಗೆಯೇ ಮಾಡು ಎಂದೆ. ಅಗುಳಿ ಹಾಕುವ ಮುನ್ನ ಟಾರ್ಚ್ ಹಿಡಿದು ಎಂಟನ್ನೂ ಎಣಿಸು ಎಂದೂ ಹೇಳಿದೆ.