ಹಳೇ ಪ್ಯಾರಫಿನ್ ಬ್ಲಾಕ್‌ನಿಂದ ಆರ್‌ಎನ್‌ಎ: ಕಿಟ್ ಇಲ್ಲದೆ ತೆಗೆದ ಅನುಭವ

ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ, ಹತ್ತು ವರ್ಷ ಹಳೆಯ ಬಾಯಿ ಕ್ಯಾನ್ಸರ್ ಅಂಗಾಂಶದ ಬ್ಲಾಕ್‌ಗಳಲ್ಲಿ ಆರ್‌ಎನ್‌ಎ ಎಲ್ಲಿರುತ್ತದೆ ಎಂದವರೇ ಹೆಚ್ಚು. ಆರ್‌ಐಎನ್ (ಆರ್‌ಎನ್‌ಎ ಎಷ್ಟು ಅಖಂಡವಾಗಿದೆ ಎಂದು ಹೇಳುವ, ಹತ್ತರವರೆಗಿನ ಅಂಕ) 2ರ ಆಸುಪಾಸು ಬಂದರೆ ಟ್ಯೂಬನ್ನೇ ಎಸೆಯುತ್ತಾರೆ. ಎಸೆಯಬೇಡಿ. ಪ್ರೋಟೀನ್‌ನ ಸಂದೇಶ ಹೊರುವ ಉದ್ದನೆಯ ಎಂಆರ್‌ಎನ್‌ಎ ಚೂರಾಗಿರುವುದು ನಿಜ, ಆದರೆ ನಾನು ಅಳೆಯುವ ಮೈಕ್ರೋಆರ್‌ಎನ್‌ಎ ಮಿರ್-21 ಇರುವುದೇ 22 ನ್ಯೂಕ್ಲಿಯೋಟೈಡ್ ಉದ್ದ, ಅದು ಉಳಿದಿರುತ್ತದೆ. ಈಗ ನನ್ನಲ್ಲಿ ಹತ್ತಕ್ಕೆ ಎಂಟು ಬ್ಲಾಕ್ ಫಲ ಕೊಡುತ್ತವೆ.

ಕಿಟ್ ಕೊಂಡರೆ ಸ್ಯಾಂಪಲ್‌ಗೆ ಏಳೆಂಟು ನೂರು ರೂಪಾಯಿ. ನನ್ನ ದಾರಿಯಲ್ಲಿ ನೂರೈವತ್ತರೊಳಗೆ ಮುಗಿಯುತ್ತದೆ, ಅದರಲ್ಲಿ ಬಹುಪಾಲು ಪ್ರೋಟೀನ್ ಕತ್ತರಿಸುವ ಎನ್‌ಜೈಮ್ ಪ್ರೋಟೀನೇಸ್ ಕೆ ಖರ್ಚು. ಅಲ್ಲಿ ಮಾತ್ರ ಕೈಬಿಗಿ ಮಾಡಬಾರದು.

ಗಾಳಿಗೆ ತೆರೆದಿದ್ದ ಮೊದಲ ಎರಡು ಸೆಕ್ಷನ್ (ತೆಳು ಹೋಳು) ಬಿಟ್ಟು, 10 ಮೈಕ್ರಾನ್‌ನ ನಾಲ್ಕು ತೆಗೆದುಕೊಳ್ಳಿ. ಬ್ಲಾಕ್ ಬದಲಾದಾಗಲೆಲ್ಲ ಬ್ಲೇಡ್ ಒರೆಸಿ. ಒಂದು ಎಂಎಲ್ ಕ್ಸೈಲೀನ್‌ನಲ್ಲಿ 50 ಡಿಗ್ರಿಯಲ್ಲಿ ಮೂರು ನಿಮಿಷ, ಎರಡು ಸಲ. ಆಮೇಲೆ ಶುದ್ಧ ಎಥನಾಲ್ ಎರಡು ಸಲ. ಮೇಣ ಚೂರು ಉಳಿದರೂ ಎನ್‌ಜೈಮ್ ಒಳಗೆ ಇಳಿಯುವುದಿಲ್ಲ. ಅಂಗಾಂಶ ಕರಗಿಸುವ ಡೈಜೆಷನ್ ಬಫರ್‌ಗೆ ಟ್ರಿಸ್, ಇಡಿಟಿಎ ತಲಾ 20 ಮಿಲಿಮೋಲಾರ್, ಎಸ್‌ಡಿಎಸ್ ಶೇ. 1, ಪ್ರೋಟೀನೇಸ್ ಕೆ ಎಂಎಲ್‌ಗೆ ಅರ್ಧ ಮಿಲಿಗ್ರಾಂ. 55 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಅರ್ಧದಷ್ಟು ಎನ್‌ಜೈಮ್ ಮತ್ತೆ ಹಾಕಿ ಎರಡು ಗಂಟೆ ಬಿಡಿ. ಮೂರು ಗಂಟೆ ಡೈಜೆಷನ್ ಸಾಕೆನ್ನುವ ಪ್ರೋಟೋಕಾಲ್‌ಗಳಲ್ಲಿ ನನಗೆ ಕಾಲುಭಾಗವೂ ಸಿಗಲಿಲ್ಲ. ಕೊನೆಗೆ 80 ಡಿಗ್ರಿಯಲ್ಲಿ 15 ನಿಮಿಷ: ಫಾರ್ಮಲಿನ್ ಹಾಕಿದ ಗಂಟು ಬಿಚ್ಚುವುದು ಇಲ್ಲಿ. ಅರ್ಧ ಗಂಟೆ ದಾಟಿಸಿದರೆ ಆರ್‌ಎನ್‌ಎಯೇ ಕಡಿದುಹೋಗುತ್ತದೆ.

ಮುಂದಿನದು ಮಾಮೂಲಿ ಆಸಿಡ್ ಫೀನಾಲ್, ಕ್ಲೋರೋಫಾರ್ಮ್. 260/230 (260 ಮತ್ತು 230 ನ್ಯಾನೋಮೀಟರ್‌ನಲ್ಲಿ ಬೆಳಕು ಹೀರುವ ಅನುಪಾತ) ಒಂದಕ್ಕಿಂತ ಕೆಳಗಿದ್ದರೆ ಫೀನಾಲ್ ಉಳಿದಿರುವ ಅನುಮಾನ ಇಟ್ಟುಕೊಂಡು, ಕ್ಲೋರೋಫಾರ್ಮ್ ಒಂದನ್ನೇ ಇನ್ನೊಮ್ಮೆ ಹಾಕಿ. ಆರ್‌ಎನ್‌ಎ ತಳಕ್ಕಿಳಿಸಲು ಗ್ಲೈಕೋಜನ್ 20 ಮೈಕ್ರೋಗ್ರಾಂ, ಸೋಡಿಯಂ ಅಸಿಟೇಟ್, ಎರಡೂವರೆ ಪಟ್ಟು ಎಥನಾಲ್, ಮೈನಸ್ 20ರಲ್ಲಿ ರಾತ್ರಿ. ತೊಳೆಯಲು ಶೇ. 80ರ ಎಥನಾಲ್ ಬಳಸಿ. 70ರಲ್ಲಿ ಸಣ್ಣ ಆರ್‌ಎನ್‌ಎ ಜಾರಿಹೋಗುತ್ತದೆ. ಒಂದರಿಂದ ಮೂರು ಮೈಕ್ರೋಗ್ರಾಂ ಸಿಗುತ್ತದೆ. ಡೈಜೆಷನ್ ಬಫರ್‌ಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಪೇಪರ್ ಅಚ್ಚಾಗುವವರೆಗೆ ಅದು ನನ್ನಲ್ಲೇ ಇರಲಿ.

ಎಂಆರ್‌ಎನ್‌ಎಯನ್ನೂ ನೋಡುವವರು ಆಲಿಗೋ-ಡಿಟಿ (ಎಂಆರ್‌ಎನ್‌ಎಯ ಪಾಲಿ-ಎ ಬಾಲಕ್ಕೆ ಅಂಟುವ ಪ್ರೈಮರ್) ಮರೆತುಬಿಡಿ. ಪಾಲಿ-ಎ ಬಾಲಕ್ಕೂ ನಿಮ್ಮ ಆಂಪ್ಲಿಕಾನ್‌ಗೂ (ಪಿಸಿಆರ್‌ನಲ್ಲಿ ನಕಲಾಗುವ ತುಣುಕು) ನಡುವೆ ಹತ್ತು ಕಡೆ ತುಂಡಾಗಿರುತ್ತದೆ, ಅಡಿನೀನ್‌ಗಳಿಗೆ ಫಾರ್ಮಲಿನ್ ಬೇರೆ ಅಂಟಿರುತ್ತದೆ. ರ್‍ಯಾಂಡಮ್ ಹೆಕ್ಸಾಮರ್ (ಎಲ್ಲೆಂದರಲ್ಲಿ ಅಂಟುವ ಆರು ಬೇಸ್‌ನ ಪ್ರೈಮರ್) ಹಾಕಿ, ಆಂಪ್ಲಿಕಾನ್ 80 ಬೇಸ್ ದಾಟದಿರಲಿ.

ದವಡೆಯ ಮೂಳೆ ಸೇರಿದ ಬ್ಲಾಕ್‌ಗಳನ್ನೂ ಒಂದಷ್ಟು ನೋಡಿದೆ. ನೈಟ್ರಿಕ್ ಆಮ್ಲದಲ್ಲಿ ಮೂಳೆ ಮೆದುಮಾಡಿದವು ಪೂರ್ತಿ ಖಾಲಿ. ಇಡಿಟಿಎಯಲ್ಲಿ ಮಾಡಿದವು ಚೆನ್ನಾಗಿ ಬಂದವು. ಬಫರ್ ಇಲ್ಲದ ಫಾರ್ಮಲಿನ್‌ನಲ್ಲಿ ಶನಿವಾರದಿಂದ ಸೋಮವಾರದವರೆಗೆ ಬಿದ್ದಿದ್ದ ಅಂಗಾಂಶವೂ ಖಾಲಿಯೇ, ಫಾರ್ಮಲಿನ್‌ನಲ್ಲಿ ಹುಟ್ಟುವ ಫಾರ್ಮಿಕ್ ಆಮ್ಲ ತಿಂದು ಹಾಕಿರುತ್ತದೆ. ರಿಜಿಸ್ಟರ್ ನೋಡಿ ಇಂಥವನ್ನು ಮೊದಲೇ ಬದಿಗಿಟ್ಟರೆ ದುಡ್ಡು ಉಳಿಯುತ್ತದೆ.

ಪೇಪರ್ ಕಳಿಸಿದಾಗ ರಿವ್ಯೂವರ್‌ಗಳು ಹಿಡಿಯುವುದು ನಾರ್ಮಲೈಸೇಶನ್‌ನಲ್ಲಿ, ಅಂದರೆ ಮಿರ್-21ರ ಪ್ರಮಾಣವನ್ನು ಸ್ಥಿರವೆಂದು ನಂಬಿದ ಇನ್ನೊಂದು ಆರ್‌ಎನ್‌ಎಗೆ ಹೋಲಿಸುವಲ್ಲಿ. ಹೋಲಿಕೆಗೆ ಹಲವರು ಬಳಸುವ ಯು6 ನೂರು ನ್ಯೂಕ್ಲಿಯೋಟೈಡ್ ದಾಟುವ ಆರ್‌ಎನ್‌ಎ. ಬ್ಲಾಕ್ ಹಳೆಯದಾದಷ್ಟೂ ಅದೇ ಮೊದಲು ಕರಗುತ್ತದೆ, ಮಿರ್-21 ಸುಮ್ಮನೆ ಏರಿದಂತೆ ಕಾಣುತ್ತದೆ. ಮಿರ್-191, ಮಿರ್-103 ಎರಡನ್ನೂ ರೆಫರೆನ್ಸ್ ಆಗಿ ಇಟ್ಟ ಮೇಲೆ ಹಳೇ, ಹೊಸ ಬ್ಲಾಕ್‌ಗಳು ಒಂದೇ ಗೆರೆಗೆ ಬಂದವು. ಯು6ಗೆ ಹೋಲಿಸಿದಾಗ ನಾಲ್ಕು ಪಟ್ಟು ಕಂಡ ಮಿರ್-21 ಏರಿಕೆ ಇದರಲ್ಲಿ ಎರಡೂವರೆಗೆ ಇಳಿಯಿತು. ನಾನು ನಂಬುವುದು ಈ ಎರಡೂವರೆಯನ್ನು.