ಬೇಸ್ ಗಿಟಾರಿಗೆ ಹೊಸ ತಂತಿ: ಮೊದಲು ನೆಕ್, ಆಮೇಲೆ ಮಿಕ್ಕಿದ್ದು

ಮೈಸೂರು ಸೀಮೆಯ ಆರ್ಕೆಸ್ಟ್ರಾ ಒಂದರಲ್ಲಿ ನಾನು ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್, ನುಡಿಸುತ್ತೇನೆ. ಗಣೇಶ ಕೂತನೆಂದರೆ ರಾಜ್ಯೋತ್ಸವ ಮುಗಿಯುವ ತನಕ ನಮಗೆ ಬಿಡುವಿಲ್ಲ. ಅದಕ್ಕೇ ಪ್ರತಿ ವರ್ಷ ಶ್ರಾವಣದಲ್ಲೇ ತಂತಿ ಬದಲಿಸಿ, ಗಿಟಾರನ್ನು ಪೂರ್ತಿ ಸರಿಮಾಡಿಕೊಂಡುಬಿಡುತ್ತೇನೆ.

ಮೊದಮೊದಲು ಈ ಕೆಲಸಕ್ಕೆ ಅಂಗಡಿಗೆ ಒಯ್ಯುತ್ತಿದ್ದೆ. ಒಮ್ಮೆ ಹೊಸ ತಂತಿ ಹಾಕಿಸಿದಾಗ ಗಿಟಾರಿನ ತಲೆಯ ಕಡೆಯ ಫ್ರೆಟ್‌ಗಳಲ್ಲಿ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿಗಳು) ಜರ್ರ್ ಎನ್ನುವ ಸದ್ದು ಬರುತ್ತಿತ್ತು. ಅಂಗಡಿಯವರು ಗಿಟಾರಿನ ಒಡಲ ಮೇಲಿನ ಬ್ರಿಡ್ಜಿನಲ್ಲಿ ತಂತಿಗಳನ್ನು ಹೊರುವ ಸ್ಯಾಡಲ್‌ಗಳನ್ನೆಲ್ಲ ಎತ್ತರಿಸಿ, "ಹೋಯ್ತಲ್ಲ ಸಾರ್" ಎಂದು ಕೊಟ್ಟರು. ಸದ್ದು ಹೋಗಿತ್ತು, ನಿಜ. ಆದರೆ ತಂತಿ ಎಷ್ಟು ಮೇಲೆ ನಿಂತಿತ್ತೆಂದರೆ, ಮೂರು ಗಂಟೆ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಎಡಗೈ ಮಣಿಕಟ್ಟು ಸೆಳೆತ ಬಂದು ಮಡಚಲಾಗಲಿಲ್ಲ. ಅದನ್ನು ಕಂಡ ನಮ್ಮ ತಂಡದ ಹಿರಿಯ ಗಿಟಾರಿಸ್ಟ್ ಅಣ್ಣ ಹೇಳಿದ್ದು ಒಂದೇ ಮಾತು: "ಸ್ಯಾಡಲ್ ಮುಟ್ಟೋಕ್ ಮುಂಚೆ ನೆಕ್ ನೋಡು ಕಣೋ." ನೆಕ್ ಎಂದರೆ ಫ್ರೆಟ್‌ಗಳಿರುವ ಉದ್ದನೆಯ ಕುತ್ತಿಗೆ. ಅಂದಿನಿಂದ ನನ್ನ ಕೆಲಸವೆಲ್ಲ ಅದೇ ಕ್ರಮದಲ್ಲಿ.

ನನ್ನದು ನಾಲ್ಕು ತಂತಿಯ, 34 ಇಂಚು ಸ್ಕೇಲಿನ (ನುಡಿಯುವ ತಂತಿಯ ಉದ್ದ) ಗಿಟಾರ್. ಹಾಕುವುದು 45ರಿಂದ 105ರ ಸೆಟ್, ಅಂದರೆ ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ ತಂತಿಗಳ ದಪ್ಪ. ಶ್ರುತಿಗೆ ಬಂದಾಗ ನಾಲ್ಕೂ ತಂತಿ ಸೇರಿ ನೆಕ್ಕನ್ನು 70 ಕೆ.ಜಿ.ಗೂ ಹೆಚ್ಚು ಬಲದಿಂದ ಎಳೆಯುತ್ತವೆ. ಹಾಗಾಗಿ ಗಿಟಾರಿಗೆ ಒಗ್ಗಿದ ದಪ್ಪವನ್ನು ನಾನು ಬದಲಿಸುವುದಿಲ್ಲ. ದಪ್ಪ ಬದಲಾದರೆ ಎಳೆತ ಬದಲಾಗುತ್ತದೆ, ನೆಕ್ಕಿನ ಬಾಗೂ ಬದಲಾಗುತ್ತದೆ.

ತಂತಿ ಕತ್ತರಿಸುವಾಗ ಅವಸರ ಬೇಡ. ಮೊದಲ ಸಲ ನಾನು ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಗಿಡ್ಡ ಕತ್ತರಿಸಿ, ಶ್ರುತಿ ಮಾಡಲು ತಿರುಗಿಸುವ ಕೀಲಿಗೆ ಒಂದು ಸುತ್ತೂ ಬರದೆ, ವೇದಿಕೆಯ ಮೇಲೆ ಶ್ರುತಿ ಜಾರುತ್ತಲೇ ಹೋಯಿತು. ಈಗ ತಂತಿಯನ್ನು ಬಿಗಿಯಾಗಿ ಎಳೆದು, ಅದರ ಕೀಲಿಯಿಂದ ಸುಮಾರು 5 ಇಂಚು ಮುಂದೆ ಲಂಬವಾಗಿ ಮಡಚುತ್ತೇನೆ. ಆ ಮಡಿಕೆಯ ಆಚೆಗೆ ಕತ್ತರಿಸುತ್ತೇನೆ. ಮಡಚದೆ ಕತ್ತರಿಸಿದರೆ ಒಳಗಿನ ಸರಿಗೆಯ ಮೇಲಿನ ಸುತ್ತು ಸಡಿಲವಾಗಿ, ತಂತಿ ಮಂಕಾಗಿಬಿಡಬಹುದು. ತುದಿಯನ್ನು ಕೀಲಿಯ ನಡುವಿನ ತೂತಿಗೆ ಇಳಿಸಿ, ಒಂದು ಸುತ್ತಿನ ಕೆಳಗೆ ಇನ್ನೊಂದು ಬರುವಂತೆ ಎರಡೂವರೆ ಮೂರು ಸುತ್ತು. ಸುತ್ತು ಕೆಳಗಿಳಿದಷ್ಟೂ ತಂತಿ ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿಗಳು ಹಾಯುವ ಗಾಡಿಗಳಿರುವ ಪಟ್ಟಿ) ಮೇಲೆ ಒತ್ತಿ ಕೂರುತ್ತದೆ. ಎ ತಂತಿಗೆ ಇದು ಬಹಳ ಮುಖ್ಯ. ಆಮೇಲೆ ಸ್ಯಾಡಲ್ಲಿನ ಮುಂದೆ ಮತ್ತು ನಟ್ಟಿನ ಪಕ್ಕದಲ್ಲಿ ಹೆಬ್ಬೆರಳಿನಿಂದ ಒಮ್ಮೆ ಮೆತ್ತಗೆ ಒತ್ತುತ್ತೇನೆ. ಇಲ್ಲವಾದರೆ ದಪ್ಪ ತಂತಿ ಅಲ್ಲಿ ಕಮಾನಿನಂತೆ ನಿಂತಿರುತ್ತದೆ, ಶ್ರುತಿ ಸುಳ್ಳಾಗುತ್ತದೆ. ಶ್ರುತಿ ಮಾಡಿ ಒಂದು ರಾತ್ರಿ ಹಾಗೇ ಬಿಡುತ್ತೇನೆ.

ಮರುದಿನ ನೆಕ್. ನುಡಿಸುವ ಭಂಗಿಯಲ್ಲೇ ಗಿಟಾರ್ ಹಿಡಿದು, ಮೊದಲ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಇ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತುತ್ತೇನೆ. ಆಗ ಆ ತಂತಿಯೇ ಅಳತೆಗೋಲು. ಎಂಟನೇ ಫ್ರೆಟ್ಟಿನ ಮೇಲೆ 0.3 ಮಿ.ಮೀ. ಸಂದು ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ತಂತಿಯನ್ನು ಎತ್ತದೆ, ಸವರಿಕೊಂಡು ಒಳಗೆ ಹೋದರೆ ಸರಿ. ಸಂದೇ ಇಲ್ಲದಿದ್ದರೆ ನೆಕ್ ತೀರಾ ನೆಟ್ಟಗಾಗಿದೆ ಎಂದರ್ಥ, ನೆಕ್ಕಿನೊಳಗೆ ಹಾಯುವ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಸಡಿಲಿಸಬೇಕು. ಹೆಚ್ಚಿದ್ದರೆ ಪ್ರದಕ್ಷಿಣೆಯಾಗಿ ಬಿಗಿಸಬೇಕು, ಬಿಗಿಸುವ ಮುಂಚೆ ತಂತಿಗಳ ಶ್ರುತಿ ಇಳಿಸಿಕೊಂಡು. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡವೇ ಬೇಡ. ರಾಡನ್ನು ತಿರುಗಿಸುವ ಅಲೆನ್ ಕೀ ಸರಿಯಾದ ಅಳತೆಯದ್ದೇ ಇರಲಿ. ಅದು ಜಾರಿ ರಾಡಿನ ತಲೆ ಸವೆದರೆ ಆ ಗಿಟಾರನ್ನು ಉಳಿಸಿಕೊಳ್ಳುವುದು ಕಷ್ಟ.

ಸದ್ದು ಎಲ್ಲಿ ಬರುತ್ತದೆ ಎಂದು ಕೇಳಿಸಿಕೊಂಡರೆ ಕಾರಣ ತಾನಾಗಿ ಗೊತ್ತಾಗುತ್ತದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಜರ್ ಎಂದರೆ ನೆಕ್. ಹನ್ನೆರಡರ ಆಚೆಗೆ ಬಂದರೆ ಸ್ಯಾಡಲ್ ತಗ್ಗಾಗಿದೆ. ಬೆರಳಿಡದೆ ಮೀಟಿದಾಗ ಮಾತ್ರ ಬಂದರೆ ನಟ್. ಅಂಗಡಿಯಲ್ಲಿ ಅಂದು ಆದದ್ದು ಇದೇ: ದೋಷ ನೆಕ್ಕಿನಲ್ಲಿತ್ತು, ಮದ್ದು ಸ್ಯಾಡಲ್ಲಿಗೆ ಬಿತ್ತು. ತಂಬೂರಿಗಾದರೆ ಜೀವಾಳದ ದಾರ ಸಿಗಿಸಿ ಆ ಝೇಂಕಾರವನ್ನು ನಾವೇ ಬರಿಸುತ್ತೇವೆ. ಬೇಸ್ ಗಿಟಾರಿಗೆ ಅದು ಬೇಡ.

ಫ್ರೆಟ್ಟಿನಿಂದ ತಂತಿಯ ಎತ್ತರವನ್ನು 17ನೇ ಫ್ರೆಟ್ಟಿನಲ್ಲಿ ಅಳೆಯುತ್ತೇನೆ: ಇ ತಂತಿಗೆ 2.4 ಮಿ.ಮೀ., ಎಲ್ಲಕ್ಕಿಂತ ತೆಳುವಾದ ಜಿ ತಂತಿಗೆ 2. ತಂತಿಗಳ ಕಂಪನ ಹಿಡಿಯುವ ಪಿಕಪ್ಪಿನ ಎತ್ತರವನ್ನು ಕಿವಿಗೆ ಬಿಡುತ್ತೇನೆ, ನಾಲ್ಕೂ ತಂತಿ ಸಮನಾಗಿ ಕೇಳಿದರೆ ಸಾಕು.

ಕೊನೆಗೆ ಸ್ಥಾನಶುದ್ಧಿ, ಅಂದರೆ ಫ್ರೆಟ್ಟಿನಲ್ಲಿ ಒತ್ತಿದ ಸ್ವರವೂ ಶ್ರುತಿಗೆ ಕೂಡುವಂತೆ ಮಾಡುವುದು. ವೀಣೆಗಾದರೆ ಮೇಣದಲ್ಲಿ ಮೆಟ್ಟಿಲುಗಳನ್ನೇ ಸರಿಸಿ ಕೂರಿಸುತ್ತಾರೆ. ಇಲ್ಲಿ ಫ್ರೆಟ್ ಅಲ್ಲಾಡುವುದಿಲ್ಲ, ಸ್ಯಾಡಲ್ಲೇ ಹಿಂದೆ ಮುಂದೆ ಸರಿಯಬೇಕು. ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳು ತಾಕಿಸಿ ಬರುವ ಹಾರ್ಮೋನಿಕ್, ಅಲ್ಲೇ ಒತ್ತಿ ಮೀಟಿದ ಸ್ವರ, ಎರಡೂ ಟ್ಯೂನರಿನಲ್ಲಿ ಒಂದೇ ಕಡೆ ನಿಲ್ಲಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ನೆಕ್ಕಿನಿಂದ ದೂರಕ್ಕೆ, ಇಳಿದಿದ್ದರೆ ಹತ್ತಿರಕ್ಕೆ. ಸರಿಸಿದಾಗಲೆಲ್ಲ ಮತ್ತೆ ಶ್ರುತಿ ಮಾಡಿಯೇ ನೋಡಬೇಕು. ಹಳೆ ತಂತಿಯಲ್ಲಿ ಇದನ್ನು ಮಾಡಲು ಹೊರಟರೆ ಇಡೀ ದಿನ ಹೋದರೂ ಕೂಡುವುದಿಲ್ಲ.

ಈ ಅಳತೆಗಳನ್ನು ತಾರೀಖಿನ ಜೊತೆ ಚೀಟಿಯಲ್ಲಿ ಬರೆದು ಕೇಸಿನ ಮುಚ್ಚಳದೊಳಗೆ ಅಂಟಿಸಿದ್ದೇನೆ. ಬೇಸಿಗೆಯಲ್ಲಿ ಮರ ಒಣಗಿದಾಗ ಹೋಲಿಸಿ ನೋಡಲು ಅದೇ ಆಧಾರ. ಬಿಚ್ಚಿದ ಹಳೆ ತಂತಿಗಳನ್ನೂ ಒರೆಸಿ, ಸುತ್ತಿ ಆ ಕೇಸಿನಲ್ಲೇ ಇಟ್ಟಿರುತ್ತೇನೆ. ಹಳ್ಳಿಯ ವೇದಿಕೆಯ ಮೇಲೆ ಎ ತಂತಿ ಹರಿದರೆ, ಆ ಹೊತ್ತಿನಲ್ಲಿ ಎಲ್ಲೂ ಸಿಗುವುದಿಲ್ಲ.