ಟೀಮಿನಲ್ಲಿ ನಿರ್ಧಾರಗಳನ್ನು ಹಂಚಿಕೊಂಡ ನನ್ನ ಅನುಭವ

ನಾನು ಒಂದು ಸಾಫ್ಟ್‌ವೇರ್ ಟೀಮ್ ನೋಡಿಕೊಳ್ಳುತ್ತೇನೆ. ನಾನು ಈ ಜವಾಬ್ದಾರಿ ವಹಿಸಿಕೊಂಡಾಗ ಎಲ್ಲ ಅಪ್ರೂವಲ್ಲೂ ಲೀಡ್ ಹತ್ತಿರವೇ ಬರುವ ಪದ್ಧತಿ ಇತ್ತು. ರಿಲೀಸ್ ಯಾವಾಗ, ಯಾವ ಬಗ್ ಮೊದಲು ನೋಡಬೇಕು, ಗ್ರಾಹಕರಿಗೆ ಏನು ಹೇಳಬೇಕು, ಎಲ್ಲಾ. ನಾನು ಮೀಟಿಂಗಿನಲ್ಲಿದ್ದರೆ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಡೇಟಾಬೇಸ್ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ನನ್ನ ಒಪ್ಪಿಗೆಗೆ ಸುಮ್ನೆ ಕಾಯುತ್ತಾ ಕೂರಬೇಕಿತ್ತು.

ಹುದ್ದೆಯಲ್ಲಿರುವವರು ಆಜ್ಞೆ ಮಾಡುವುದಕ್ಕಿಂತ, ಸಂದರ್ಭ ಏನು ಕೇಳುತ್ತದೆ ಅಂತ ಎಲ್ಲರೂ ಸೇರಿ ನೋಡಬೇಕು ಎಂದು ಮ್ಯಾನೇಜ್‌ಮೆಂಟ್ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1920ರ ದಶಕದಲ್ಲೇ ಹೇಳಿದ್ದರು. ನನಗೆ ಅದು ತುಂಬಾ ಸರಿ ಅನ್ನಿಸಿತು.

ಎಲ್ಲರೂ ಕೂತು ನಮ್ಮ ನಿರ್ಧಾರಗಳ ಪಟ್ಟಿ ಮಾಡಿದೆವು. ಒಂದೊಂದರ ಮುಂದೆ ಒಬ್ಬರ ಹೆಸರು. ರಾತ್ರಿ ಸರ್ವರ್ ಕೈಕೊಟ್ಟರೆ ಹಳೆಯ ವರ್ಷನ್‌ಗೆ ಮರಳಬೇಕೋ ಬೇಡವೋ ಅನ್ನುವುದು ಆ ರಾತ್ರಿ ಡ್ಯೂಟಿಯಲ್ಲಿರುವವರ ಮಾತು. ರಿಲೀಸ್ ಬೇಡ ಅನ್ನುವ ಹಕ್ಕು ಟೆಸ್ಟಿಂಗ್ ನೋಡುವವರದ್ದು. ಬಜೆಟ್, ನೇಮಕಾತಿ, ಅಪ್ರೈಸಲ್ ನನ್ನ ಬಳಿಯೇ ಇರುತ್ತವೆ ಅಂತ ಆವತ್ತೇ ಬಿಡಿಸಿ ಹೇಳಿದೆ. ಎಲ್ಲವೂ ಎಲ್ಲರದ್ದು ಅಂದರೆ ಕೊನೆಗೆ ಯಾವುದಕ್ಕೂ ಯಾರೂ ಸಿಗುವುದಿಲ್ಲ.

ಪಟ್ಟಿ ಗೋಡೆಗೆ ಅಂಟಿಸಿದ ಮಾತ್ರಕ್ಕೆ ಯಾರೂ ನಂಬಲಿಲ್ಲ. ನಂಬಿಕೆ ಬಂದದ್ದು ಒಂದು ರಿಲೀಸ್ ದಿನ. ಟೆಸ್ಟಿಂಗ್ ಮಾಡುವ ಸಹೋದ್ಯೋಗಿ "ಇವತ್ತು ಬೇಡ ಸರ್" ಅಂದರು. ಗ್ರಾಹಕರಿಗೆ ತಾರೀಖು ಕೊಟ್ಟಾಗಿತ್ತು. ನನ್ನ ಅಭಿಪ್ರಾಯ ಬೇರೆ ಇತ್ತು, ಅದನ್ನು ಹೇಳಿದೆ. ಅವರು ಬಗ್ಗಲಿಲ್ಲ. ಸರಿ ಅಂತ ನಾನೇ ಗ್ರಾಹಕರಿಗೆ ಫೋನ್ ಮಾಡಿ ತಾರೀಖು ಮುಂದೂಡಿದೆ. ಮೇಲಿನವರು ಕೇಳಿದಾಗ ಆ ಸಹೋದ್ಯೋಗಿಯ ಹೆಸರು ಎತ್ತದೆ "ಇದು ನಮ್ಮ ಟೀಮಿನ ನಿರ್ಧಾರ" ಅಂದೆ. ಆ ಸಹೋದ್ಯೋಗಿ ಕಂಡ ದೋಷ ಎಷ್ಟು ದೊಡ್ಡದು ಅನ್ನುವುದು ನನಗೆ ಮುಖ್ಯವಾಗಿರಲಿಲ್ಲ. ಕೊಟ್ಟ ಹಕ್ಕನ್ನು ನಾನು ವಾಪಸ್ ಕಿತ್ತುಕೊಳ್ಳುತ್ತೇನಾ ಅಂತ ಉಳಿದವರು ನೋಡುತ್ತಿದ್ದರು.

ಮೇಯರ್, ಡೇವಿಸ್, ಶೂರ್‌ಮನ್ ಎಂಬ ಸಂಶೋಧಕರು ಸಂಸ್ಥೆಗಳಲ್ಲಿನ ನಂಬಿಕೆ ಕುರಿತು 1995ರಲ್ಲಿ ಬರೆದ ಪ್ರಬಂಧದಲ್ಲಿ ಒಬ್ಬರನ್ನು ನಂಬಲು ಮೂರು ಕಾರಣ ಕೊಡುತ್ತಾರೆ. ಸಾಮರ್ಥ್ಯ, ನಮ್ಮ ಒಳಿತು ಬಯಸುವ ಮನಸ್ಸು, ನಡೆನುಡಿಯಲ್ಲಿ ಪ್ರಾಮಾಣಿಕತೆ. ನಮ್ಮ ಟೀಮಿನಲ್ಲಿ ಕೊರತೆ ಇದ್ದದ್ದು ಮೂರನೆಯದರ ಪುರಾವೆಗೆ.

ಆಮೇಲೆ ಕೆಲಸದ ವೇಗ ಬದಲಾಯಿತು. ರಾತ್ರಿಯ ತೊಂದರೆಗಳು ನಾನು ಏಳುವಷ್ಟರಲ್ಲಿ ಬಗೆಹರಿದಿರುತ್ತಿದ್ದವು. ಏನಾದರೂ ಕೆಟ್ಟರೆ "ಯಾರು ಮಾಡಿದ್ದು" ಅಂತ ಮೊದಲು ಕೇಳುವುದನ್ನು ಬಿಟ್ಟೆವು. ಹಾಗಾಗಿ ಸಮಸ್ಯೆ ಮುಚ್ಚಿಡುವವರೂ ಕಡಿಮೆಯಾದರು.

ಎಲ್ಲರಿಗೂ ಇದು ಇಷ್ಟ ಆಗಲಿಲ್ಲ. "ಏನು ಮಾಡಬೇಕು ಹೇಳಿಬಿಡಿ, ಮಾಡ್ತೀನಿ" ಅನ್ನುವವರೂ ಇದ್ದರು. ಅವರನ್ನು ಒತ್ತಾಯಿಸಲಿಲ್ಲ. ಅನುಭವಿಗಳ ಜೊತೆ ಕೂರಿಸಿ ಸಣ್ಣ ನಿರ್ಧಾರಗಳಿಂದ ಶುರು ಮಾಡಿಸಿದೆ.

ಇನ್ನೊಂದು ವಿಷಯ ಜಾಸ್ತಿ ಲೀಡ್‌ಗಳು ಗಮನಿಸುವುದಿಲ್ಲ. ನಿರ್ಧಾರ ಹೊರುವುದೂ ಒಂದು ಕೆಲಸ. ಅಪ್ರೈಸಲ್ ಫಾರಂನಲ್ಲಿ ಅದಕ್ಕೆ ಜಾಗವೇ ಇಲ್ಲದಿದ್ದರೆ ಜನರಿಗೆ ಅದು ಸಂಬಳವಿಲ್ಲದ ಹೊರೆ. ಈಗ ಯಾರು ಯಾವ ನಿರ್ಧಾರ ನಡೆಸಿದರು ಅಂತ ಪ್ರತಿಯೊಬ್ಬರ ಫಾರಂನಲ್ಲೂ ಬರೆಯುತ್ತೇನೆ, ಬಡ್ತಿಯ ಮಾತು ಬಂದಾಗ ಅದನ್ನೇ ಮೊದಲು ಮುಂದಿಡುತ್ತೇನೆ.